ಬಹು-ಕಂಟೇನರ್ ವ್ಯವಸ್ಥೆಯಲ್ಲಿ ಓಡುವ ಮುಕ್ತ ಡೆವಲಪರ್ ಸಾಧನಗಳು

ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದ ಮತ್ತು ಹಲವು ಕಂಟೇನರ್‌ಗಳ ಗುಂಪಾಗಿ ಸ್ವಂತ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದಾದ ತಂತ್ರಾಂಶ ನಿರ್ಮಾಣ ಸಾಧನಗಳು ಈ ವರ್ಗಕ್ಕೆ ಸೇರುತ್ತವೆ. ದತ್ತಾಂಶಕ್ಕೆ ಎಪಿಐ ಒದಗಿಸುವುದು, ಕಚೇರಿಯ ಒಳಬಳಕೆಯ ಆ್ಯಪ್ ಕಟ್ಟುವುದು, ಓಡುತ್ತಿರುವ ಸೇವೆಗಳ ಮೇಲೆ ನಿಗಾ ಇಡುವುದು, ವ್ಯವಸ್ಥೆಯ ಗಟ್ಟಿತನ ಪರೀಕ್ಷಿಸುವುದು ಇವುಗಳ ಮುಖ್ಯ ಕೆಲಸಗಳು. 2015ರ ಬಳಿಕ ಬೆಂಗಳೂರಿನಿಂದ ಇಂಥ ಹಲವು ಸಾಧನಗಳು ಹೊರಬಂದಿವೆ. ಹಸುರಾ, ಆಪ್‌ಸ್ಮಿತ್, ಸಿಗ್‌ನೋಝ್, ಲಿಟ್ಮಸ್‌ಕೇಯಾಸ್ ಅವುಗಳಲ್ಲಿ ಹೆಸರಾದವು. ಸನ್‌ಬರ್ಡ್, ಮೋಸಿಪ್, ಡಿಜಿಟ್ ಮುಂತಾದ ಸಾರ್ವಜನಿಕ ಸೇವೆಯ ವೇದಿಕೆಗಳೂ ಇದೇ ವಿಧಾನದಲ್ಲಿ ಸಿದ್ಧವಾದವು. ಒಂದು ಸಾಧನಕ್ಕೆ ಎಷ್ಟು ಕಂಟೇನರ್ ಬೇಕು ಎಂಬುದರ ಮೇಲೆ ಅದನ್ನು ಒಬ್ಬ ವಿದ್ಯಾರ್ಥಿ ನಡೆಸಬಲ್ಲನೇ, ಒಂದು ಸಣ್ಣ ಕಚೇರಿ ನಡೆಸಬಲ್ಲದೇ, ಇಲ್ಲವೇ ಪ್ರತ್ಯೇಕ ತಂಡವೇ ಬೇಕೇ ಎಂಬುದು ತೀರ್ಮಾನವಾಗುತ್ತದೆ.

ರಚನೆ

ಒಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಲೈಬ್ರರಿ, ಕಡತ, ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ ಕಟ್ಟಿಟ್ಟ ಪ್ರತಿಗೆ ಇಮೇಜ್ ಎಂದು ಹೆಸರು. ಆ ಇಮೇಜ್ ಯಂತ್ರದ ಉಳಿದ ಪ್ರಕ್ರಿಯೆಗಳಿಂದ ಬೇರ್ಪಟ್ಟು ಓಡುವಾಗ ಕಂಟೇನರ್ ಎನಿಸಿಕೊಳ್ಳುತ್ತದೆ. ವರ್ಚುವಲ್ ಯಂತ್ರವು ತನ್ನದೇ ಕಾರ್ಯಾಚರಣ ವ್ಯವಸ್ಥೆಯನ್ನು ಹೊತ್ತು ಬರುತ್ತದೆ. ಕಂಟೇನರ್ ಆತಿಥೇಯ ಯಂತ್ರದ ಕರ್ನೆಲ್ ಅನ್ನೇ ಹಂಚಿಕೊಳ್ಳುವುದರಿಂದ ಹಗುರವಾಗಿರುತ್ತದೆ, ಸೆಕೆಂಡುಗಳಲ್ಲಿ ಎದ್ದು ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಈ ಬೇರ್ಪಡಿಕೆ ಎರಡು ಸೌಲಭ್ಯಗಳಿಂದ ಸಾಧ್ಯವಾಗುತ್ತದೆ. ಪ್ರಕ್ರಿಯೆಯ ಕಣ್ಣಿಗೆ ಏನು ಬೀಳಬೇಕು ಎಂಬುದನ್ನು ನೇಮ್‌ಸ್ಪೇಸ್ ನಿರ್ಧರಿಸುತ್ತದೆ. ಮೆಮೊರಿ, ಪ್ರೊಸೆಸರ್‌ಗಳನ್ನು ಅದು ಎಷ್ಟು ಬಳಸಬಹುದು ಎಂಬುದಕ್ಕೆ ಸಿಗ್ರೂಪ್ ಮಿತಿ ಹಾಕುತ್ತದೆ.

ಒಂದು ಕಂಟೇನರ್‌ಗೆ ಒಂದೇ ಕೆಲಸ ಎಂಬುದು ರೂಢಿ. ಹಾಗಾಗಿ ಸಾಮಾನ್ಯ ಜಾಲ ತಂತ್ರಾಂಶಕ್ಕೂ ಪುಟ ತೋರಿಸುವ ಮುಂಭಾಗ, ಲೆಕ್ಕಾಚಾರದ ಸರ್ವರ್, ಡೇಟಾಬೇಸ್, ತಾತ್ಕಾಲಿಕ ಸಂಗ್ರಹ, ಕೆಲಸಗಳ ಸರದಿ ಎಂದು ನಾಲ್ಕೈದು ಕಂಟೇನರ್‌ಗಳಾಗುತ್ತವೆ. ಇವುಗಳ ಪಟ್ಟಿ, ಪರಸ್ಪರ ಸಂಪರ್ಕದ ಜಾಲ, ದತ್ತಾಂಶ ಉಳಿಯುವ ವಾಲ್ಯೂಮ್, ಹೊರಕ್ಕೆ ತೆರೆಯುವ ಪೋರ್ಟ್, ಗುಪ್ತಪದಗಳು ಎಲ್ಲವನ್ನೂ ಯಾಮಲ್ ರೂಪದ ಒಂದೇ ಕಡತದಲ್ಲಿ ಬರೆದಿಡುವುದೇ ಕಂಟೇನರ್ ನಡೆಸುವ ಸಾಧನವಾದ ಡಾಕರ್‌ನ ಕಂಪೋಸ್ ವಿಧಾನ. ಒಂದೇ ಆದೇಶ ಕೊಟ್ಟರೆ ಇಡೀ ಗುಂಪು ಓಡತೊಡಗುತ್ತದೆ. ಗುಂಪಿನೊಳಗೆ ಕಂಟೇನರ್‌ಗಳು ಒಂದನ್ನೊಂದು ಹೆಸರು ಹಿಡಿದೇ ಕರೆಯುತ್ತವೆ, ಐಪಿ ವಿಳಾಸ ಗೊತ್ತಿರಬೇಕಾಗಿಲ್ಲ.

ಕಂಪೋಸ್ ಮೂಲತಃ ಒಂದು ಯಂತ್ರಕ್ಕೆ ತಕ್ಕ ವಿಧಾನ. ಹತ್ತಾರು ಯಂತ್ರಗಳಿಗೆ ಕಂಟೇನರ್‌ಗಳನ್ನು ಹಂಚುವುದು, ಒಂದು ಬಿದ್ದರೆ ಇನ್ನೊಂದನ್ನು ಎಬ್ಬಿಸುವುದು, ಬಳಕೆದಾರರು ಹೆಚ್ಚಿದಂತೆ ಪ್ರತಿಗಳನ್ನು ಹೆಚ್ಚಿಸುವುದು ಕುಬರ್ನೆಟೀಸ್‌ನ ಕೆಲಸ. ಆದ್ದರಿಂದ ಬಹಳಷ್ಟು ಯೋಜನೆಗಳು ಪ್ರಯೋಗಕ್ಕೆ ಕಂಪೋಸ್ ಕಡತವನ್ನೂ, ದೊಡ್ಡ ಬಳಕೆಗೆ ಹೆಲ್ಮ್ ಚಾರ್ಟ್ ಎಂಬ ಕುಬರ್ನೆಟೀಸ್ ಸ್ಥಾಪನಾ ಕಟ್ಟನ್ನೂ ಜೊತೆಜೊತೆಗೆ ಕೊಡುತ್ತವೆ.

ಬೆಳವಣಿಗೆ

ಪ್ರಕ್ರಿಯೆಗಳನ್ನು ಪ್ರತ್ಯೇಕಿಸುವ ಪ್ರಯತ್ನ 1979ರ ಯುನಿಕ್ಸ್ ಏಳನೆಯ ಆವೃತ್ತಿಯ ‘ಸಿಎಚ್‌ರೂಟ್’ನಷ್ಟು ಹಳೆಯದು. 2000ದಲ್ಲಿ ಫ್ರೀಬಿಎಸ್‌ಡಿ ಜೈಲ್ ಬಂತು. ಗೂಗಲ್‌ನ ಇಂಜಿನಿಯರರು 2006ರಲ್ಲಿ ಆರಂಭಿಸಿದ ಸಿಗ್ರೂಪ್ 2008ರ ಜನವರಿಯಲ್ಲಿ ಲಿನಕ್ಸ್ ಕರ್ನೆಲ್‌ನ ಭಾಗವಾಯಿತು. ಆದರೆ ಸಾಮಾನ್ಯ ಡೆವಲಪರ್ ಕೈಗೆ ಇದು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ, ಡಾಟ್‌ಕ್ಲೌಡ್ ಸಂಸ್ಥೆಯ ಸಾಲಮನ್ ಹೈಕ್ಸ್ ಪೈಕಾನ್ ಸಮ್ಮೇಳನದಲ್ಲಿ ಡಾಕರ್ ಅನ್ನು ತೋರಿಸಿದ ಮೇಲೆ. ಹಲವು ಕಂಟೇನರ್‌ಗಳನ್ನು ಒಂದೇ ಕಡತದಿಂದ ಓಡಿಸುವ ‘ಫಿಗ್’ ಎಂಬ ಸಾಧನವನ್ನು ಲಂಡನ್ನಿನ ಆರ್ಚರ್ಡ್ ಎಂಬ ಪುಟ್ಟ ಸಂಸ್ಥೆ ರೂಪಿಸಿತ್ತು. 2014ರಲ್ಲಿ ಡಾಕರ್ ಆ ಸಂಸ್ಥೆಯನ್ನು ಕೊಂಡಿತು, 2015ರಲ್ಲಿ ಫಿಗ್ ಡಾಕರ್ ಕಂಪೋಸ್ ಆಯಿತು. ಮೊದಲು ಪೈಥಾನ್‌ನಲ್ಲಿದ್ದ ಕಂಪೋಸ್ ಎರಡನೆಯ ಆವೃತ್ತಿಯಲ್ಲಿ ಗೋ ಭಾಷೆಗೆ ಬದಲಾಯಿತು. ಅದರ ಬರವಣಿಗೆಯ ನಿಯಮಗಳು 2020ರಿಂದ ಮುಕ್ತ ನಿರ್ದಿಷ್ಟತೆಯಾಗಿವೆ. ಗೂಗಲ್ 2014ರ ಜೂನ್‌ನಲ್ಲಿ ಪ್ರಕಟಿಸಿದ ಕುಬರ್ನೆಟೀಸ್‌ನ ಮೊದಲ ಪೂರ್ಣ ಆವೃತ್ತಿ 2015ರ ಜುಲೈನಲ್ಲಿ ಹೊರಬಂದಿತು. ಅದನ್ನು ನೋಡಿಕೊಳ್ಳಲು ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್ (ಸಿಎನ್‌ಸಿಎಫ್) ಸ್ಥಾಪನೆಯಾಯಿತು. ಇಮೇಜ್ ಹೇಗಿರಬೇಕು ಎಂಬ ಸಮಾನ ನಿಯಮಕ್ಕಾಗಿ ಅದೇ ವರ್ಷ ಓಪನ್ ಕಂಟೇನರ್ ಇನಿಶಿಯೇಟಿವ್ ಹುಟ್ಟಿತು. ಡಾಕರ್‌ಗಾಗಿ ಕಟ್ಟಿದ ಇಮೇಜ್ ಪಾಡ್‌ಮನ್‌ನಂಥ ಬೇರೆ ಸಾಧನಗಳಲ್ಲೂ ಓಡುವುದು ಈ ನಿಯಮದ ಫಲ.

ಕರ್ನಾಟಕದ ಹಿನ್ನೆಲೆ

ಕಂಟೇನರ್ ಬರುವ ಎಷ್ಟೋ ಮೊದಲೇ ಬೆಂಗಳೂರಿನಲ್ಲಿ ಮುಕ್ತ ತಂತ್ರಾಂಶದ ಬಳಗ ಗಟ್ಟಿಯಾಗಿತ್ತು. ಪಿಸಿಕ್ವೆಸ್ಟ್ ಪತ್ರಿಕೆ 1996ರಿಂದ ಸಿಡಿಗಳ ಮೂಲಕ ಲಿನಕ್ಸ್ ಹಂಚಿತು. ಆ ಕೆಲಸದ ಹಿಂದಿದ್ದ ಅತುಲ್ ಚಿಟ್ನಿಸ್ ಮತ್ತು ಬೆಂಗಳೂರಿನ ಲಿನಕ್ಸ್ ಬಳಕೆದಾರರು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಆರಂಭಿಸಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಸರ್ವರ್ ನಿರ್ವಹಣೆಯವರಿಗಾಗಿ ಹ್ಯಾಸ್‌ಗೀಕ್ 2012ರಲ್ಲಿ ‘ರೂಟ್‌ಕಾನ್ಫ್’ ಸಮ್ಮೇಳನ ಆರಂಭಿಸಿತು. 2020ರಲ್ಲಿ ಸ್ಥಾಪನೆಯಾದ ಫಾಸ್ ಯುನೈಟೆಡ್ ಬೆಂಗಳೂರಿನಲ್ಲಿ ‘ಇಂಡಿಯಾಫಾಸ್’ ಸಮ್ಮೇಳನ ನಡೆಸುತ್ತಿದೆ. ಹೊರದೇಶದ ಕಂಪನಿಗಳಿಗೆ ತಂತ್ರಾಂಶ ಬರೆದುಕೊಡುವ ನಗರವೆಂದು ಹೆಸರಾಗಿದ್ದ ಬೆಂಗಳೂರು ತನ್ನದೇ ಸಾಧನಗಳನ್ನು ಜಗತ್ತಿಗೆ ಕೊಡತೊಡಗಿದ್ದು ಈ ಬಳಗ ಬೆಳೆದ ಮೇಲೆ.

ಬೆಂಗಳೂರಿನ ಸಾಧನಗಳು

*ಹಸುರಾ.* ತನ್ಮಯ್ ಗೋಪಾಲ್ ಮತ್ತು ರಾಜೋಶಿ ಘೋಷ್ ಸ್ಥಾಪಿಸಿದ ಸಂಸ್ಥೆಯಿದು. ದತ್ತಾಂಶ ಕೇಳುವ ಭಾಷೆಯಾದ ಗ್ರಾಫ್‌ಕ್ಯೂಎಲ್‌ಗಾಗಿ ಇದು ರೂಪಿಸಿದ ಎಂಜಿನ್ 2018ರ ಜುಲೈನಲ್ಲಿ ಅಪಾಚೆ 2.0 ಪರವಾನಗಿಯಲ್ಲಿ ಮುಕ್ತವಾಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೋಷ್ಟಕಗಳನ್ನು ಓದಿಕೊಂಡು ಅವುಗಳಿಗೆ ತಾನಾಗಿಯೇ ಗ್ರಾಫ್‌ಕ್ಯೂಎಲ್ ಎಪಿಐ ಒದಗಿಸುವುದು ಇದರ ಕೆಲಸ. ಯಾವ ಬಳಕೆದಾರ ಯಾವ ಸಾಲು, ಯಾವ ಕಂಬಸಾಲನ್ನು ನೋಡಬಹುದು ಎಂಬ ಅನುಮತಿಯನ್ನು ಎಂಜಿನ್‌ನಲ್ಲೇ ಬರೆದಿಡಬಹುದು. ಉದ್ಯಮದಲ್ಲಿ ಅಪರೂಪವಾದ ಹ್ಯಾಸ್ಕೆಲ್ ಭಾಷೆಯಲ್ಲಿ ಎಂಜಿನ್ ಬರೆದದ್ದು ಗಮನ ಸೆಳೆದಿತ್ತು. ಆರಂಭದ ಕಂಪೋಸ್ ಕಡತದಲ್ಲಿ ಪೋಸ್ಟ್‌ಗ್ರೆಸ್ ಮತ್ತು ಎಂಜಿನ್ ಎರಡೇ ಕಂಟೇನರ್ ಇದ್ದವು. ಬೇರೆ ಡೇಟಾಬೇಸ್‌ಗಳನ್ನು ಜೋಡಿಸುವ ಸೌಲಭ್ಯ ಬಂದಂತೆ ಸಂಪರ್ಕಕ್ಕೆಂದೇ ಮೂರನೆಯದು ಸೇರಿತು. 2022ರ ಫೆಬ್ರುವರಿಯಲ್ಲಿ 10 ಕೋಟಿ ಡಾಲರ್ ಬಂಡವಾಳ ಪಡೆದಾಗ ಸಂಸ್ಥೆಯ ಮೌಲ್ಯ 100 ಕೋಟಿ ಡಾಲರ್ ಮುಟ್ಟಿತು.

*ಆಪ್‌ಸ್ಮಿತ್.* ಅಭಿಷೇಕ್ ನಾಯಕ್, ಅರ್ಪಿತ್ ಮೋಹನ್, ನಿಖಿಲ್ ನಂದಗೋಪಾಲ್ 2019ರಲ್ಲಿ ಕಟ್ಟಿದರು. ಗ್ರಾಹಕರ ದೂರು ನೋಡುವ ಪುಟ, ದಾಸ್ತಾನಿನ ಪಟ್ಟಿ, ಮಂಜೂರಾತಿಯ ಅರ್ಜಿ ಮುಂತಾದ ಒಳಬಳಕೆಯ ಆ್ಯಪ್‌ಗಳನ್ನು ಗುಂಡಿ, ಕೋಷ್ಟಕ, ನಮೂನೆಗಳನ್ನು ಎಳೆದು ಜೋಡಿಸಿ ಕಟ್ಟಲು ಇದು ನೆರವಾಗುತ್ತದೆ. ಹಿಂಭಾಗ ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿದೆ, ಮುಂಭಾಗ ರಿಯಾಕ್ಟ್‌ನಲ್ಲಿದೆ. ಮೊದಮೊದಲು ಇದನ್ನು ಸ್ಥಾಪಿಸಲು ಎಂಜಿನ್‌ಎಕ್ಸ್, ಸರ್ವರ್, ಮಾಂಗೋಡಿಬಿ, ರೆಡಿಸ್ ಮತ್ತು ಹೊಸ ಆವೃತ್ತಿ ತಂದು ಕೂರಿಸುವ ವಾಚ್‌ಟವರ್ ಎಂದು ಹಲವು ಕಂಟೇನರ್ ಬೇಕಿದ್ದವು. ಮುಂದೆ ತಂಡ ಇವನ್ನೆಲ್ಲ ಒಂದೇ ‘ದಪ್ಪ’ ಕಂಟೇನರ್‌ನಲ್ಲಿ ಸೇರಿಸಿ, ಒಳಗಿನ ಪ್ರಕ್ರಿಯೆಗಳನ್ನು ಸೂಪರ್‌ವೈಸರ್‌ಡಿಯಿಂದ ನಡೆಸತೊಡಗಿತು. ಒಂದು ಕಂಟೇನರ್‌ಗೆ ಒಂದೇ ಕೆಲಸ ಎಂಬ ರೂಢಿ ಇಲ್ಲಿ ಮುರಿಯಿತು, ಆದರೆ ಸ್ಥಾಪನೆ ಒಂದೇ ಆದೇಶಕ್ಕೆ ಇಳಿಯಿತು. ಬಳಕೆದಾರರು ಹೆಚ್ಚಿರುವ ಕಡೆ ಮಾಂಗೋಡಿಬಿ, ರೆಡಿಸ್‌ಗಳನ್ನು ಹೊರಗಿಟ್ಟು ಜೋಡಿಸುವ ದಾರಿಯೂ ಇದೆ. ಇದೇ ಕ್ಷೇತ್ರದ ಟೂಲ್‌ಜೆಟ್ 2021ರಲ್ಲಿ ಬಂದಿತು.

*ಸಿಗ್‌ನೋಝ್.* ಪ್ರಣಯ್ ಪ್ರತೀಕ್ ಮತ್ತು ಅಂಕಿತ್ ನಯನ್ ಆರಂಭಿಸಿದ ನಿಗಾ ಸಾಧನ. ಒಂದು ವಿನಂತಿ ಯಾವ ಯಾವ ಸೇವೆಗಳನ್ನು ಹಾದುಹೋಯಿತು, ಎಲ್ಲಿ ತಡವಾಯಿತು, ಎಲ್ಲಿ ಬಿದ್ದಿತು ಎಂಬುದನ್ನು ಟ್ರೇಸ್, ಮೆಟ್ರಿಕ್, ಲಾಗ್ ಮೂರರಲ್ಲೂ ತೋರಿಸುತ್ತದೆ. ದತ್ತಾಂಶ ಸಂಗ್ರಹಕ್ಕೆ 2019ರಲ್ಲಿ ರೂಪುಗೊಂಡ ಓಪನ್‌ಟೆಲಿಮೆಟ್ರಿ ಮಾನಕವನ್ನು ಅನುಸರಿಸುವುದರಿಂದ ನಾಳೆ ಬೇರೆ ನಿಗಾ ಸಾಧನಕ್ಕೆ ಹೋದರೂ ತಂತ್ರಾಂಶವನ್ನು ಮತ್ತೆ ಬರೆಯಬೇಕಾಗಿಲ್ಲ. 2021ರ ಆರಂಭದ ಆವೃತ್ತಿಗಳು ದತ್ತಾಂಶ ಸಾಗಿಸುವ ಕಾಫ್ಕಾ ಮತ್ತು ವಿಶ್ಲೇಷಣೆಯ ಡೇಟಾಬೇಸ್ ಆದ ಡ್ರೂಯಿಡ್ ಮೇಲೆ ನಿಂತಿದ್ದವು. ಸಣ್ಣ ತಂಡಗಳ ಯಂತ್ರಕ್ಕೆ ಅದು ಭಾರವೆನಿಸಿ, ಅದೇ ವರ್ಷ ಕಂಬಸಾಲು ಆಧಾರಿತ ಡೇಟಾಬೇಸ್ ಆದ ಕ್ಲಿಕ್‌ಹೌಸ್‌ಗೆ ಬದಲಾಯಿತು. ಡಾಕರ್‌ಗೆ ಕನಿಷ್ಠ 4 ಜಿಬಿ ಮೆಮೊರಿ ಮೀಸಲಿಡಬೇಕು ಎಂಬುದು ಯೋಜನೆಯ ಸೂಚನೆ. ಪ್ರತ್ಯೇಕವಾಗಿದ್ದ ಮುಂಭಾಗ, ಪ್ರಶ್ನೆ ಸೇವೆ, ಎಚ್ಚರಿಕೆ ಸೇವೆಗಳು 2025ರ ಆವೃತ್ತಿಗಳಲ್ಲಿ ಒಂದೇ ಸೇವೆಯಾಗಿ ಕೂಡಿಕೊಂಡವು.

*ಲಿಟ್ಮಸ್‌ಕೇಯಾಸ್.* ಬೇಕೆಂದೇ ಒಂದು ಸೇವೆಯನ್ನು ಬೀಳಿಸಿ, ಜಾಲವನ್ನು ನಿಧಾನಗೊಳಿಸಿ, ಉಳಿದ ವ್ಯವಸ್ಥೆ ತಾಳಿಕೊಳ್ಳುತ್ತದೆಯೇ ಎಂದು ನೋಡುವ ಪರೀಕ್ಷಾ ಸಾಧನ. ಕುಬರ್ನೆಟೀಸ್‌ಗೆ ಸಂಗ್ರಹ ವ್ಯವಸ್ಥೆ ಒದಗಿಸುವ ಓಪನ್‌ಇಬಿಎಸ್ ಯೋಜನೆಯನ್ನು ಪರೀಕ್ಷಿಸಲು ಮಾಯಾಡೇಟಾ ಸಂಸ್ಥೆಯಲ್ಲಿ ಹುಟ್ಟಿತು. ಉಮಾ ಮುಕ್ಕರ ಮತ್ತು ಕಾರ್ತಿಕ್ ಸಚ್ಚಿದಾನಂದ ಇದರ ಮುಂಚೂಣಿಯಲ್ಲಿದ್ದರು. 2020ರಲ್ಲಿ ಸಿಎನ್‌ಸಿಎಫ್‌ನ ಆರಂಭಿಕ ಹಂತಕ್ಕೂ, 2022ರ ಜನವರಿಯಲ್ಲಿ ಮುಂದಿನ ಹಂತಕ್ಕೂ ಸೇರಿತು. ಇದಕ್ಕೆಂದೇ ಬೇರ್ಪಟ್ಟ ಕೇಯಾಸ್‌ನೇಟಿವ್ ಸಂಸ್ಥೆಯನ್ನು 2022ರಲ್ಲಿ ಹಾರ್ನೆಸ್ ಕೊಂಡಿತು. ಇದರ ನಿಯಂತ್ರಣ ಕೇಂದ್ರದಲ್ಲಿ ಮುಂಭಾಗ, ಗ್ರಾಫ್‌ಕ್ಯೂಎಲ್ ಸರ್ವರ್, ಗುರುತು ಪರಿಶೀಲನೆ ಸರ್ವರ್, ಮಾಂಗೋಡಿಬಿ ಬೇರೆ ಬೇರೆ ಕಂಟೇನರ್‌ಗಳಾಗಿವೆ.

ಎಪಿಐ ಪರೀಕ್ಷೆಗೆ ಜಗತ್ತಿನಾದ್ಯಂತ ಬಳಕೆಯಾಗುವ ಪೋಸ್ಟ್‌ಮ್ಯಾನ್ ಬೆಂಗಳೂರಿನಲ್ಲಿ ಬೆಳೆದರೂ ಮುಕ್ತ ತಂತ್ರಾಂಶವಲ್ಲ. ಅದಕ್ಕೆ ಮುಕ್ತ ಪರ್ಯಾಯವಾಗಿ ಕೇರಳದ ಲಿಯಾಸ್ ಥಾಮಸ್ 2019ರಲ್ಲಿ ‘ಪೋಸ್ಟ್‌ವುಮನ್’ ಎಂಬ ಹೆಸರಿನಲ್ಲಿ ಆರಂಭಿಸಿದ ಹಾಪ್‌ಸ್ಕಾಚ್ ಅನ್ನು ಮುಂಭಾಗ, ಹಿಂಭಾಗ, ಆಡಳಿತ ಎಂಬ ಮೂರು ಕಂಟೇನರ್‌ಗಳಾಗಿಯೂ, ಮೂರನ್ನೂ ಕೂಡಿಸಿದ ಒಂದೇ ಕಂಟೇನರ್ ಆಗಿಯೂ ಸ್ಥಾಪಿಸಿಕೊಳ್ಳಬಹುದು.

ಸಾರ್ವಜನಿಕ ಸೇವೆಯ ವೇದಿಕೆಗಳು

ಸರ್ಕಾರಗಳು ತಮ್ಮ ಸೇವೆಗಳನ್ನು ಕಟ್ಟಲು ಬಳಸುವ ಮುಕ್ತ ವೇದಿಕೆಗಳಲ್ಲಿ ಕಂಟೇನರ್‌ಗಳ ಸಂಖ್ಯೆ ದೊಡ್ಡದು. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ 2003ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇ-ಗವರ್ನಮೆಂಟ್ಸ್ ಫೌಂಡೇಶನ್‌ನ ‘ಡಿಜಿಟ್’ ಆಸ್ತಿ ತೆರಿಗೆ, ಅಹವಾಲು, ಪರವಾನಗಿ ಮುಂತಾದ ಪುರಸಭಾ ಸೇವೆಗಳನ್ನು ಪುಟ್ಟ ಪುಟ್ಟ ಸೇವೆಗಳಾಗಿ ಒಡೆದು, ಪೋಸ್ಟ್‌ಗ್ರೆಸ್, ಕಾಫ್ಕಾ, ಇಲಾಸ್ಟಿಕ್‌ಸರ್ಚ್ ಜೊತೆ ಕುಬರ್ನೆಟೀಸ್‌ನಲ್ಲಿ ನಡೆಸುತ್ತದೆ.

ಏಕ್‌ಸ್ಟೆಪ್ ಫೌಂಡೇಶನ್‌ನ ಸನ್‌ಬರ್ಡ್ ಮೇಲೆ ಕಟ್ಟಿದ ‘ದೀಕ್ಷಾ’ ಕಲಿಕಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಆರಂಭವಾಯಿತು. ಸನ್‌ಬರ್ಡ್‌ನ ನೋಂದಣಿ ಮತ್ತು ಪ್ರಮಾಣಪತ್ರ ವಿಭಾಗದ ಕಂಪೋಸ್ ಕಡತ ಬಹು-ಕಂಟೇನರ್ ಕಲಿಕೆಗೆ ಒಳ್ಳೆಯ ಉದಾಹರಣೆ. ನೋಂದಣಿ ಸೇವೆ, ಪೋಸ್ಟ್‌ಗ್ರೆಸ್, ಇಲಾಸ್ಟಿಕ್‌ಸರ್ಚ್, ಲಾಗಿನ್‌ಗೆ ಕೀಕ್ಲೋಕ್, ದೃಢೀಕರಣದ ಕೋರಿಕೆ ನೋಡುವ ಸೇವೆ, ಪ್ರಮಾಣಪತ್ರಕ್ಕೆ ಸಹಿ ಹಾಕುವ ಸೇವೆ, ಅದನ್ನು ಚಿತ್ರವಾಗಿಸುವ ಸೇವೆ, ಕಡತ ಸಂಗ್ರಹ ಎಲ್ಲವೂ ಅದರಲ್ಲಿ ಸಾಲಾಗಿವೆ. ಕೋವಿಡ್ ಲಸಿಕೆ ಅಭಿಯಾನದಲ್ಲಿ ಕೋವಿನ್ ಕೊಟ್ಟ ಕ್ಯೂಆರ್ ಸಂಕೇತದ ಪ್ರಮಾಣಪತ್ರಗಳ ಹಿಂದೆ ಇದೇ ಬಳಗದ ‘ಡೈವೋಕ್’ ಇತ್ತು.

ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ಮೋಸಿಪ್ ದೇಶಗಳಿಗೆ ಗುರುತಿನ ವ್ಯವಸ್ಥೆ ಕಟ್ಟಿಕೊಳ್ಳಲು ನೆರವಾಗುವ ವೇದಿಕೆ. ಫಿಲಿಪೀನ್ಸ್, ಇಥಿಯೋಪಿಯಾ ಮುಂತಾದ ದೇಶಗಳು ಇದನ್ನು ಬಳಸಿವೆ. ಇದರ ನೋಂದಣಿ ಪುಟಗಳ ಅನುವಾದ ಕಡತಗಳಲ್ಲಿ ಇಂಗ್ಲಿಷ್, ಫ್ರೆಂಚ್, ಅರಬ್ಬಿಗಳ ಜೊತೆ ಹಿಂದಿ, ತಮಿಳು, ಕನ್ನಡವೂ ಇವೆ. ಇಡೀ ಮೋಸಿಪ್ ಲ್ಯಾಪ್‌ಟಾಪಿನಲ್ಲಿ ಓಡುವಂಥದಲ್ಲ, ಕುಬರ್ನೆಟೀಸ್ ಸಮೂಹವೇ ಬೇಕು. ಆದ್ದರಿಂದ ಅದರ ಲಾಗಿನ್ ಭಾಗವಾದ ಇ-ಸಿಗ್ನೆಟ್ ಮತ್ತು ಪ್ರಮಾಣಪತ್ರ ಭಾಗವಾದ ಇಂಜಿಗೆ ಹೊಸ ಡೆವಲಪರ್‌ಗಳು ಪ್ರಯೋಗಿಸಿ ನೋಡಲೆಂದು ಪ್ರತ್ಯೇಕ ಕಂಪೋಸ್ ಕಡತಗಳನ್ನು ಕೊಡಲಾಗಿದೆ.

ಕನ್ನಡ ಪಠ್ಯ ಮತ್ತು ಕಂಟೇನರ್

ವಿ. ಕೃಷ್ಣ ಅವರು ಸಂಕಲಿಸಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ದತ್ತಾಂಶ ಪರವಾನಗಿಯಲ್ಲಿ ಜಾಲಕ್ಕೆ ಬಂತು. ಅದನ್ನು ನಡೆಸುವ ಡಿಕ್ಟ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶವನ್ನು ಬರೆದವರು ಬೆಂಗಳೂರಿನ ಝೆರೋಧಾ ಸಂಸ್ಥೆಯ ತಾಂತ್ರಿಕ ಮುಖ್ಯಸ್ಥ ಕೈಲಾಶ್ ನಾಧ್. ಗೋ ಭಾಷೆಯ ಒಂದು ಕಾರ್ಯಕ್ರಮ, ಪಕ್ಕದಲ್ಲಿ ಒಂದು ಪೋಸ್ಟ್‌ಗ್ರೆಸ್, ಇಷ್ಟೇ ಅದರ ವ್ಯವಸ್ಥೆ. ಅವರದೇ ‘ಲಿಸ್ಟ್‌ಮಂಕ್’ ಎಂಬ ಸುದ್ದಿಪತ್ರ ಕಳಿಸುವ ತಂತ್ರಾಂಶವೂ ಎರಡೇ ಕಂಟೇನರ್‌ಗಳಲ್ಲಿ ಓಡುತ್ತದೆ. ಪೋಸ್ಟ್‌ಗ್ರೆಸ್‌ನ ಪೂರ್ಣಪಠ್ಯ ಹುಡುಕಾಟದಲ್ಲಿ ಕನ್ನಡ ಪದಗಳ ಮೂಲರೂಪ ಗುರುತಿಸುವ ಸೌಲಭ್ಯವಿಲ್ಲ. ಆ ಕೊರತೆ ತುಂಬಲು ಉಚ್ಚಾರಣೆಯ ಹೋಲಿಕೆಯಿಂದ ಪದಗಳನ್ನು ಸೂಚಿಸುವ ‘ಕೆಎನ್‌ಫೋನ್’ ಎಂಬ ಕ್ರಮವಿಧಿಯನ್ನು ನಾಧ್ ರೂಪಿಸಿದರು. ಮಹಾಪ್ರಾಣ ಬಿಟ್ಟು ಬರೆದರೂ ಪದ ಸಿಗುವುದು ಇದರಿಂದ.

ಕನ್ನಡಕ್ಕೆ ಬೇಕಾದ ಸಾಮಗ್ರಿ ಸಿದ್ಧ ಇಮೇಜ್‌ಗಳಲ್ಲಿ ತಾನಾಗಿ ಬರುವುದಿಲ್ಲ. ಮುಖ್ಯವಾಗಿ ಮೂರು ಕಡೆ ಇದು ಎದುರಾಗುತ್ತದೆ.

ಮೊದಲನೆಯದು ಅಕಾರಾದಿ. ಯುನಿಕೋಡ್‌ನಲ್ಲಿ ಳ ಅಕ್ಷರದ ಸ್ಥಾನ ಲ ಮತ್ತು ವ ನಡುವೆ ಇದೆ. ಕನ್ನಡ ನಿಘಂಟಿನಲ್ಲಿ ಅದು ಹ ಆದ ಮೇಲೆ ಬರುತ್ತದೆ. ಡೇಟಾಬೇಸ್ ಸಂಕೇತ ಸಂಖ್ಯೆಯ ಪ್ರಕಾರ ಜೋಡಿಸಿದರೆ ಪಟ್ಟಿ ತಪ್ಪುತ್ತದೆ. ಇದಕ್ಕೆ ಯುನಿಕೋಡ್ ಪಠ್ಯ ನಿರ್ವಹಿಸುವ ಐಸಿಯು ಲೈಬ್ರರಿಯ ಕನ್ನಡ ವಿಂಗಡಣೆ ನಿಯಮವನ್ನು ಆರಿಸಿಕೊಳ್ಳಬೇಕು.

ಎರಡನೆಯದು ಅಡಿಪಾಯದ ಇಮೇಜ್. ಗಾತ್ರ ಚಿಕ್ಕದೆಂದು ಹಲವರು ಆಲ್ಪೈನ್ ಲಿನಕ್ಸ್ ಆಧಾರಿತ ಪೋಸ್ಟ್‌ಗ್ರೆಸ್ ಬಳಸುತ್ತಾರೆ. ಅದರ ಮೂಲ ಸಿ ಲೈಬ್ರರಿಯಾದ ಮಸ್ಲ್‌ನಲ್ಲಿ ಭಾಷಾವಾರು ವಿಂಗಡಣೆ ಇಲ್ಲ. ಐಸಿಯು ಸೌಲಭ್ಯ ಆಲ್ಪೈನ್ ಇಮೇಜ್‌ಗಳಿಗೆ ಬಂದದ್ದು ಪೋಸ್ಟ್‌ಗ್ರೆಸ್ 15ರಿಂದ. ಡೆಬಿಯನ್ ಆಧಾರದ ಇಮೇಜ್‌ನಲ್ಲಿ ತುಂಬಿದ ದತ್ತಾಂಶದ ವಾಲ್ಯೂಮನ್ನು ಹಾಗೆಯೇ ಆಲ್ಪೈನ್ ಇಮೇಜ್‌ಗೆ ಜೋಡಿಸಿದರೆ ಎರಡರ ವಿಂಗಡಣೆ ಬೇರೆಯಾಗಿ, ಪಠ್ಯದ ಸೂಚಿಗಳು ಕೆಟ್ಟು, ಇರುವ ಪದವೂ ಸಿಗದೆ ಹೋಗಬಹುದು.

ಮೂರನೆಯದು ಫಾಂಟ್. ಪ್ರಮಾಣಪತ್ರ, ರಸೀದಿಗಳನ್ನು ಪಿಡಿಎಫ್ ಮಾಡುವ ಕಂಟೇನರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ. ಡೆಬಿಯನ್‌ನಲ್ಲಿ ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಫಾಂಟ್‌ಗಳ ಪ್ಯಾಕೇಜುಗಳಿವೆ, ನೋಟೋ ಕನ್ನಡವೂ ಸಿಗುತ್ತದೆ. ಇಮೇಜ್ ಕಟ್ಟುವಾಗಲೇ ಇವನ್ನು ಸೇರಿಸಬೇಕು, ಓಡುತ್ತಿರುವ ಕಂಟೇನರ್‌ಗೆ ಹಾಕಿದರೆ ಅದನ್ನು ಮತ್ತೆ ಸೃಷ್ಟಿಸಿದಾಗ ಮಾಯವಾಗುತ್ತವೆ.

ಪರವಾನಗಿ

ಬಹು-ಕಂಟೇನರ್ ಸ್ಥಾಪನೆಯೊಂದಿಗೆ ಹಲವು ಪರವಾನಗಿಗಳೂ ಬರುತ್ತವೆ. ಮುಖ್ಯ ಸಾಧನ ಅಪಾಚೆ ಅಥವಾ ಎಂಐಟಿ ಪರವಾನಗಿಯಲ್ಲಿದ್ದರೂ ಪಕ್ಕದ ಕಂಟೇನರ್‌ನದು ಬೇರೆ ಇರಬಹುದು. ಮಾಂಗೋಡಿಬಿ 2018ರಲ್ಲಿ, ಇಲಾಸ್ಟಿಕ್‌ಸರ್ಚ್ 2021ರಲ್ಲಿ, ರೆಡಿಸ್ 2024ರಲ್ಲಿ ತಮ್ಮ ಮುಕ್ತ ಪರವಾನಗಿಗಳನ್ನು ಬಿಗಿಗೊಳಿಸಿದವು. ಇವುಗಳನ್ನೇ ಸೇವೆಯಾಗಿ ಮಾರುವ ದೊಡ್ಡ ಕ್ಲೌಡ್ ಕಂಪನಿಗಳನ್ನು ತಡೆಯುವುದು ಉದ್ದೇಶ. ಪ್ರತಿಯಾಗಿ ಇಲಾಸ್ಟಿಕ್‌ಸರ್ಚ್‌ನಿಂದ ಓಪನ್‌ಸರ್ಚ್, ರೆಡಿಸ್‌ನಿಂದ ವಾಲ್ಕಿ ಎಂಬ ಮುಕ್ತ ಕವಲುಗಳು ಒಡೆದವು. ಮುಂದೆ ಇಲಾಸ್ಟಿಕ್‌ಸರ್ಚ್ ಮತ್ತು ರೆಡಿಸ್ ಎರಡೂ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯನ್ನು ಸೇರಿಸಿದವು. ಸ್ವಂತ ಕಚೇರಿಯ ಬಳಕೆಗೆ ಈ ಬದಲಾವಣೆಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಸಾಧನವನ್ನು ಇತರರಿಗೆ ಸೇವೆಯಾಗಿ ಒದಗಿಸುವವರು ಮಾತ್ರ ಪ್ರತಿ ಕಂಟೇನರಿನ ಪರವಾನಗಿ ಓದಬೇಕಾಗುತ್ತದೆ. ಡಾಕರ್ ಎಂಜಿನ್ ಮುಕ್ತವಾಗಿದ್ದರೂ ಡಾಕರ್ ಡೆಸ್ಕ್‌ಟಾಪ್ 2021ರಿಂದ 250ಕ್ಕಿಂತ ಹೆಚ್ಚು ಸಿಬ್ಬಂದಿ ಅಥವಾ 1 ಕೋಟಿ ಡಾಲರಿಗಿಂತ ಹೆಚ್ಚು ವಾರ್ಷಿಕ ಆದಾಯವಿರುವ ಸಂಸ್ಥೆಗಳಿಗೆ ಶುಲ್ಕ ವಿಧಿಸುತ್ತದೆ.

ನಿರ್ವಹಣೆ ಮತ್ತು ಭದ್ರತೆ

ಸ್ಥಾಪನೆ ಸುಲಭವಾದಷ್ಟು ನಿರ್ವಹಣೆ ಸುಲಭವಲ್ಲ. ಡೇಟಾಬೇಸ್ ಕಂಟೇನರ್ ಎದ್ದಿದೆ ಎಂದ ಮಾತ್ರಕ್ಕೆ ಅದು ಸಂಪರ್ಕ ಸ್ವೀಕರಿಸಲು ಸಿದ್ಧವೆಂದಲ್ಲ. ಆರೋಗ್ಯ ತಪಾಸಣೆಯನ್ನು ಕಂಪೋಸ್ ಕಡತದಲ್ಲಿ ಬರೆದು, ಅದು ಸರಿಯಾದ ಮೇಲೆಯೇ ಸರ್ವರ್ ಆರಂಭವಾಗುವಂತೆ ಮಾಡಬೇಕು. ದತ್ತಾಂಶವಿರುವುದು ವಾಲ್ಯೂಮ್‌ನಲ್ಲಿ. ಗುಂಪನ್ನು ಇಳಿಸುವಾಗ ವಾಲ್ಯೂಮ್ ಅಳಿಸುವ ಆಯ್ಕೆ ಕೊಟ್ಟರೆ ಎಲ್ಲವೂ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನ ಮುಖ್ಯ ಆವೃತ್ತಿ ಬದಲಾದಾಗ ಹಳೆಯ ವಾಲ್ಯೂಮ್ ಹಾಗೆಯೇ ಓಡುವುದಿಲ್ಲ, ಸಾಮಾನ್ಯವಾಗಿ ದತ್ತಾಂಶವನ್ನು ಹೊರತೆಗೆದು ಮತ್ತೆ ತುಂಬಬೇಕಾಗುತ್ತದೆ. ‘ಲೇಟೆಸ್ಟ್’ ಎಂದು ಬರೆಯುವ ಬದಲು ಇಮೇಜ್‌ನ ನಿರ್ದಿಷ್ಟ ಆವೃತ್ತಿಯನ್ನು ನಮೂದಿಸುವುದು ಈ ಕಾರಣಕ್ಕೆ.

ಡಾಕರ್ ತೆರೆಯುವ ಪೋರ್ಟ್‌ಗಳು ಉಬುಂಟುವಿನ ‘ಯುಎಫ್‌ಡಬ್ಲ್ಯು’ ಫೈರ್‌ವಾಲ್ ನಿಯಮಗಳನ್ನು ದಾಟಿಹೋಗುತ್ತವೆ. ಹೊರಗಿನವರಿಗೆ ಬೇಡದ ಡೇಟಾಬೇಸ್ ಪೋರ್ಟನ್ನು ತೆರೆಯಲೇಬಾರದು, ಬೇಕಿದ್ದರೆ ಸ್ಥಳೀಯ ವಿಳಾಸಕ್ಕಷ್ಟೇ ಕಟ್ಟಬೇಕು. ಗುಪ್ತಪದವಿಲ್ಲದೆ ತೆರೆದಿಟ್ಟ ಸಾವಿರಾರು ಮಾಂಗೋಡಿಬಿಗಳ ದತ್ತಾಂಶ ಅಳಿಸಿ ಹಣ ಕೇಳಿದ ದಾಳಿಗಳು 2017ರ ಆರಂಭದಲ್ಲಿ ನಡೆದವು. ಇಮೇಜ್ ಬರುವ ಮೂಲವೂ ಸ್ಥಿರವಲ್ಲ. ಇಮೇಜ್‌ಗಳ ಸಾರ್ವಜನಿಕ ಸಂಗ್ರಹವಾದ ಡಾಕರ್ ಹಬ್ 2020ರ ನವೆಂಬರ್‌ನಿಂದ ಉಚಿತ ಇಳಿಕೆಗಳಿಗೆ ಮಿತಿ ಹಾಕಿತು. 2025ರಲ್ಲಿ ಸಿದ್ಧ ಇಮೇಜ್‌ಗಳನ್ನು ಒದಗಿಸುವ ಬಿಟ್ನಾಮಿ ತನ್ನ ಹಳೆಯ ಇಮೇಜ್‌ಗಳನ್ನು ಬೇರೆ ಸಂಗ್ರಹಕ್ಕೆ ಸರಿಸಿದಾಗ ಅವನ್ನು ನೆಚ್ಚಿದ್ದ ಕಂಪೋಸ್ ಕಡತಗಳನ್ನು ತಿದ್ದಬೇಕಾಯಿತು.

ಸಮುದಾಯ ಮತ್ತು ಕಲಿಕೆ

ಸಿಎನ್‌ಸಿಎಫ್‌ನ ‘ಕ್ಯೂಬ್‌ಕಾನ್’ ಸಮ್ಮೇಳನ ಭಾರತದಲ್ಲಿ ಮೊದಲು ನಡೆದದ್ದು 2024ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ, ಮರುವರ್ಷ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ. ತೆಲಂಗಾಣದ ಮದ್ದೂರು, ಮಖ್ತಲ್, ಗದ್ವಾಲ ಭಾಗದ ಕನ್ನಡಿಗರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿ ‘ಸ್ವೇಚ್ಛಾ’ ಎಂಬ ಮುಕ್ತ ತಂತ್ರಾಂಶ ಸಂಘಟನೆ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತದೆ. ಇಂಟರ್ನೆಟ್ ನಿಧಾನವಿರುವ ಕಡೆ ಇಮೇಜ್‌ಗಳನ್ನು ಒಂದು ಯಂತ್ರದಲ್ಲಿ ಕಡತವಾಗಿ ಉಳಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ದು, ಇನ್ನೊಂದರಲ್ಲಿ ತುಂಬಿಕೊಳ್ಳುವ ಸೌಲಭ್ಯ ಡಾಕರ್‌ನಲ್ಲೇ ಇದೆ. ಕಾಲೇಜಿನ ಪ್ರಯೋಗಾಲಯಕ್ಕೆ ಒಂದೇ ಪ್ರತಿ ತಂದು ಎಲ್ಲ ಯಂತ್ರಗಳಿಗೂ ಹಂಚಬಹುದು. ಇಂಥ ಯೋಜನೆಗಳ ಹಣಕಾಸಿಗೆಂದು ಝೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ‘ಫ್ಲಾಸ್ ಫಂಡ್’ ಘೋಷಿಸಿತು.

ಈಚಿನ ಒಲವು

ಕೆಲಸಗಳನ್ನು ಒಡೆದು ಕಂಟೇನರ್ ಹೆಚ್ಚಿಸುವ ಮೊದಲಿನ ಉತ್ಸಾಹ ತಗ್ಗಿದೆ. ಆಪ್‌ಸ್ಮಿತ್ ಎಲ್ಲವನ್ನೂ ಒಂದರಲ್ಲಿ ಸೇರಿಸಿತು, ಸಿಗ್‌ನೋಝ್ ಮೂರನ್ನು ಒಂದಾಗಿಸಿತು, ಲಿಸ್ಟ್‌ಮಂಕ್ ಆರಂಭದಿಂದಲೂ ಎರಡರಲ್ಲೇ ನಿಂತಿದೆ. ಕೋಟಿಗಟ್ಟಲೆ ಜನರ ಗುರುತು, ತೆರಿಗೆ, ಪ್ರಮಾಣಪತ್ರ ನೋಡಿಕೊಳ್ಳುವ ವೇದಿಕೆಗಳಲ್ಲಿ ಮಾತ್ರ ಪ್ರತ್ಯೇಕ ಸೇವೆಗಳು ಉಳಿದಿವೆ. ಅಲ್ಲಿ ಒಂದು ಸೇವೆಯನ್ನು ಉಳಿದವನ್ನು ನಿಲ್ಲಿಸದೆ ಬದಲಿಸಬೇಕಾಗುತ್ತದೆ, ಅದನ್ನು ನೋಡಿಕೊಳ್ಳುವ ತಂಡವೂ ಇರುತ್ತದೆ. ಇಬ್ಬರೇ ಇರುವ ಕಚೇರಿಗೆ ಅಂಥ ತಂಡವಿರುವುದಿಲ್ಲ. ಪ್ರತಿ ಕಂಟೇನರ್‌ಗೂ ಒಂದು ಆವೃತ್ತಿ, ಒಂದು ಪರವಾನಗಿ, ಒಂದು ಬ್ಯಾಕಪ್ ಎಂದು ಲೆಕ್ಕ ಹಾಕಿ, ತಮ್ಮ ಕೈಯಲ್ಲಿ ಆಗುವಷ್ಟನ್ನು ಆರಿಸಿಕೊಳ್ಳುವುದು ಅಂಥವರಿಗೆ ತಕ್ಕ ಕ್ರಮ.